ಹೊಡೆದ ಕೈಗೆ ಎಣ್ಣೆ

"ಆ ಪದಾ ಒಂದು ಹೇಳಪಾ ವಿರುಪಣ್ಣ. ನಿನ್ನ ಮಗಳ ಕಿವಿಗೂ ಬೀಳ್ಲಿ," ಎಂದು ಊರ ಯಜಮಾನ ಗವಿಸಿದ್ದಪ್ಪ ಬಾಯೊಳಗಿನ ತಂಬಾಕು ಉಗುಳಿ ಹೇಳಿದಾಗ, ಕಟ್ಟೆಯ ಮೇಲಿದ್ದ ಹಿರಿಯರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

ವಿರುಪಣ್ಣ ಕಟ್ಟೆಯ ಕೆಳಗೆ ಮಣ್ಣಿನಲ್ಲಿ, ಹೆಣ್ಣು ಹೆತ್ತವರು ಕೂರುವ ಜಾಗದಲ್ಲಿ ಕೂತಿದ್ದ. ಮಗಳು ಹೊಳಿಯಮ್ಮ ಗಂಡನ ಮನೆ ಬಿಟ್ಟು ಬಂದು ವಾರವಾಗಿತ್ತು. ಅವಳನ್ನು ಕರೆದೊಯ್ಯಲೆಂದು ಅಳಿಯ ಕಾಳಪ್ಪ ತನ್ನ ಅಪ್ಪನೊಂದಿಗೆ ಯಲಬುರ್ಗಾ ಕಡೆಯ ಮಂಗಳೂರಿನಿಂದ ಚಕ್ಕಡಿ ಹೂಡಿಕೊಂಡು ಬಂದಿದ್ದ. ಬಂದವರು ಎತ್ತುಗಳ ಕೊರಳ ಹಗ್ಗವನ್ನೂ ಬಿಚ್ಚಿರಲಿಲ್ಲ. ಹೊತ್ತು ಇಳಿಯುವುದರೊಳಗೆ ಸೊಸೆ ಚಕ್ಕಡಿ ಹತ್ತಬೇಕು, ಇಲ್ಲವಾದರೆ ಉಗಾದಿಗೆ ಮುಂಚೆ ಮಗನಿಗೆ ಬೇರೆ ಹೆಣ್ಣು ತರುತ್ತೇನೆ ಎಂದು ಬೀಗ ಊರ ದೈವವೆನಿಸಿದ ಹಿರಿಯರ ಮುಂದೆ ಗುಡುಗಿ ಕೂತಿದ್ದ.

ಹೊಳಿಯಮ್ಮ ಬೇವಿನ ಮರಕ್ಕೆ ಆತು ನಿಂತಿದ್ದಳು. ಹೊಲಕ್ಕೆ ಬುತ್ತಿ ತಡವಾಯಿತೆಂದು ಕಾಳಪ್ಪ ಮೊದಲು ಕಪಾಳಕ್ಕೆ ಹೊಡೆದು, ಅದು ಸಾಲದೆಂದು ಬಾರಕೋಲಿನ ಹಿಡಿಯಿಂದ ಬಾರಿಸಿದ್ದ. ಬಲಗೈ ಮಣಿಕಟ್ಟು ಬಾತು, ಬಳೆ ಹಾಕಲಾರದಂತಾಗಿತ್ತು. ಆ ಕೈಯನ್ನು ಅವಳು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು. ಹೊಡೆದವನು ಮಾತ್ರ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮದುಮಗನ ಹಾಗೆ ಕೂತಿದ್ದ. ಹಿಂದೆಯೂ ಅವಳು ಹೀಗೆ ಬಂದಿದ್ದುಂಟು. ಆಗೆಲ್ಲ ವಿರುಪಣ್ಣನೇ ಬುದ್ಧಿ ಹೇಳಿ, ಬಸ್ಸು ಹತ್ತಿಸಿ ಬಂದಿದ್ದ.

"ಗಂಡ ಹೆಂಡ್ರ ಜಗಳ ಉಂಡು ಮಲಗೂತನಕ," ಎಂದ ಒಬ್ಬ ಹಿರಿಯ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ," ಎಂದ ಇನ್ನೊಬ್ಬ. ಗಾದೆಗಳಿಗೇನು ಬರವೇ? ಬೇರೆಯವರ ಮಗಳ ತಾಳ್ಮೆಯ ಮೇಲೆ ಊರ ಹಿರಿಯರಿಗೆ ಮೊದಲಿನಿಂದಲೂ ಎಲ್ಲಿಲ್ಲದ ನಂಬಿಕೆ.

ಗವಿಸಿದ್ದಪ್ಪ ಕೇಳಿದ ಆ ಪದ ಯಾವುದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರಿನ ಬಯಲಾಟದಲ್ಲಿ ಮೀಸೆ ಮೂಡಿದ ವರ್ಷದಿಂದ ರಾಣಿಯ ಪಾರ್ಟು ವಿರುಪಣ್ಣನದೇ. ಎಪ್ಪತ್ತೆಂಟನೆಯ ಇಸವಿಯ ಆ ಹೊತ್ತಿಗೆ ಅಳವಂಡಿಯ ಸುತ್ತಿನ ಊರುಗಳಲ್ಲಿ ಗದಗಿನಿಂದ ನಟಿಯರನ್ನು ಕರೆಸುವುದು ಸುರುವಾಗಿತ್ತು. ಹೆಣ್ಣಿನ ಪಾರ್ಟು ಹೆಣ್ಣು ಮಾಡಿದರೆ ಅದರಲ್ಲೇನು ಹೆಚ್ಚುಗಾರಿಕೆ ಎಂದು ಈ ಊರಿನವರು ಮಾತ್ರ ವಿರುಪಣ್ಣನನ್ನೇ ಹಿಡಿದುಕೊಂಡಿದ್ದರು. ಆಟದಲ್ಲಿ ಚಾಡಿಮಾತು ಕೇಳಿದ ರಾಜ ತುಂಬಿದ ಸಭೆಯಲ್ಲಿ ರಾಣಿಯ ಕಪಾಳಕ್ಕೆ ಹೊಡೆಯುತ್ತಾನೆ. ರಾಣಿ ಬಿದ್ದಲ್ಲಿಂದ ತೆವಳಿ ಬಂದು ಅವನ ಕೈ ಹಿಡಿದು ನೋಡಿ, ಪದ ಹಾಡುತ್ತ ಆ ಅಂಗೈಗೆ ಎಣ್ಣೆ ತಿಕ್ಕುತ್ತಾಳೆ. ಅದಕ್ಕೆ ಮಾಳಿಗೆಯ ಮೇಲಿನ ಹೆಂಗಸರೆಲ್ಲ ಅಳುತ್ತಿದ್ದರು. ಹೆಂಗಸಾಗುವುದು ಹೇಗೆಂದು ಹೆಂಗಸರು ವಿರುಪಣ್ಣನಿಂದ ಕಲಿಯಬೇಕು ಎಂದು ಗಂಡಸರು ಮನೆಮನೆಯಲ್ಲಿ ಹೇಳುತ್ತಿದ್ದರು. ವಿರುಪಣ್ಣನಿಗೆ ಅದು ಹೆಮ್ಮೆ. ಸುಳ್ಳೇಕೆ, ಅವನ ಬಾಳಿನಲ್ಲಿ ಬೇರೆ ಹೆಮ್ಮೆಯೇ ಇರಲಿಲ್ಲ.

"ಯಜಮಾನ್ರ, ಇದು ಹಾಡೂ ಹೊತ್ತಲ್ರಿ," ಎಂದ ವಿರುಪಣ್ಣ.

"ಇದಽ ಹೊತ್ತು. ನಾವು ನೂರು ಮಾತು ಹೇಳೂದೂ ಒಂದಽ, ನೀ ಒಂದು ಪದಾ ಹೇಳೂದೂ ಒಂದಽ."

ಹಾಡಬಾರದೆಂದು ಅವನ ಮನಸ್ಸಿಗೆ ಅನಿಸಿತ್ತು. ಆದರೆ ದೈವ ಹೇಳಿದ್ದನ್ನು ಮೀರಿ ಅವನಿಗೆ ರೂಢಿಯಿಲ್ಲ. ಕಣ್ಣು ಮುಚ್ಚಿಕೊಂಡ. ಆ ತೆಳ್ಳನೆಯ ಹೆಣ್ಣುದನಿ ತಾನಾಗಿಯೇ ಬಂದುಬಿಟ್ಟಿತು.

"ಹೊಡೆದ ಕೈ ನೊಂದಾವೊ ಎನ್ನ ದೊರೆಯೇ, ತಾರೊ, ಎಣ್ಣೆ ಹಚ್ಚುವೆನು ನಿನ್ನ ಅಂಗೈಗೆ..."

ಗೋಡೆಯ ನೆರಳಿನಲ್ಲಿದ್ದ ಹೆಂಗಸರ ಗುಂಪಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಅವರ ನಡುವೆ ನಿಂತಿದ್ದ ಅವನ ಹೆಂಡತಿ ದುರುಗವ್ವ ಮಾತ್ರ ನೆಲ ನೋಡುತ್ತಿದ್ದಳು. ಬೀಗ ತೊಡೆ ತಟ್ಟಿ, "ಭೇಷ್!" ಎಂದ.

ಆ ಭೇಷ್ ಕೇಳಿ ಗವಿಸಿದ್ದಪ್ಪನಿಗೆ ಉಮೇದು ಬಂತು. ಎದುರಿನ ಅಂಗಡಿಯಿಂದ ಒಂದು ಬಟ್ಟಲು ಒಳ್ಳೆಣ್ಣೆ ತರಿಸಿ ಕಟ್ಟೆಯ ಅಂಚಿಗಿಟ್ಟ. "ಬಾರವ್ವ ಹೊಳಿಯಮ್ಮ. ನಿಮ್ಮಪ್ಪ ಆಟದಾಗ ಮಾಡಿದ್ದು ನೀ ಮನಿತನದಾಗ ಮಾಡು. ಗಂಡನ ಕೈಗೆ ನಾಕು ಹನಿ ಎಣ್ಣಿ ಹಚ್ಚಿ, ಕಾಲಿಗೆ ಬಿದ್ದು, ಚಕ್ಕಡಿ ಹತ್ತು. ಎಲ್ಲಾ ಹಸನಾಗತೈತಿ."

ಕಾಳಪ್ಪ ನಿಜವಾಗಿಯೂ ಕೈ ಮುಂದೆ ಚಾಚಿದ. ಅವನ ಮುಖದಲ್ಲಿ ಸಣ್ಣ ನಗೆಯಿತ್ತು.

ಹೊಳಿಯಮ್ಮ ಮರ ಬಿಟ್ಟು ಮುಂದೆ ಬಂದಳು. ಹಚ್ಚಿಯೇಬಿಡುತ್ತಾಳೆ ಎಂದುಕೊಂಡ ವಿರುಪಣ್ಣ. ಅವನೊಳಗಿನ ಹೆದರಿದ ಅಪ್ಪ ಹಚ್ಚಲಿ ಎಂದು ಬೇಡಿಕೊಳ್ಳುತ್ತಿದ್ದ, ಬೇಡವೆಂದು ಅವನೊಳಗೇ ಇನ್ನಾರೋ ಹೊಯ್ದುಕೊಳ್ಳುತ್ತಿದ್ದರು. ಅವಳು ಬಟ್ಟಲಿನ ಹತ್ತಿರ ಬಂದವಳು ಗಂಡನ ಕಡೆ ತಿರುಗದೆ ಅಪ್ಪನ ಮುಂದೆ ನಿಂತಳು.

"ಅಪ್ಪಾ, ಒಂದು ಮಾತು ಕೇಳ್ಲೇನು?"

"ಕೇಳವ್ವ."

"ಆಟದಾಗ ರಾಜ ಹೊಡೀತಾನಲ್ಲ, ಆವಾಗ ನಿನಗ ಖರೇನಽ ಪೆಟ್ಟು ಬೀಳತೈತೇನು?"

ಕಟ್ಟೆಯ ಮೇಲೆ ಯಾರೋ ಕಿಸಕ್ಕನೆ ನಕ್ಕರು. ವಿರುಪಣ್ಣ ನಗಲಿಲ್ಲ. ಮಗಳ ಊದಿದ ಕೈ ಈಗ ಸೆರಗಿನಿಂದ ಹೊರಗಿತ್ತು, ಅವನ ಕಣ್ಣಿನ ಎದುರಿಗೇ ಇತ್ತು. ಚರ್ಮ ನೀಲಿಗಟ್ಟಿ ಬಿಗಿದಿತ್ತು.

"ಇಲ್ಲವ್ವ," ಎಂದ. "ರಾಜನ ಕೈ ನನ್ನ ಗಲ್ಲದ ಮುಂದ ಹಾದು ಹೋಗತೈತಿ, ಅಷ್ಟಽ. ಪರದೆ ಹಿಂದ ಒಬ್ಬಾವ ಚಪ್ಪಾಳಿ ಬಡೀತಾನ. ಆ ಸಪ್ಪಳಕ್ಕ ನಾ ಬೀಳ್ತೀನಿ."

"ಒಮ್ಮ್ಯಾರ ಬಡದೈತೇನು?"

"ಒಮ್ಮಿನೂ ಇಲ್ಲ."

ಹೇಳಿದ ಮೇಲೆ ಅವನಿಗೇ ಆ ಮಾತು ಹೊಸದಾಗಿ ಕೇಳಿಸಿತು. ಇಷ್ಟು ವರ್ಷ ಊರನ್ನೆಲ್ಲ ಅಳಿಸಿದ ತನ್ನ ಕೆನ್ನೆಗೆ ಒಂದು ಪೆಟ್ಟೂ ಬಿದ್ದಿರಲಿಲ್ಲ. ಬೀಳದ ಪೆಟ್ಟನ್ನು ತಡೆದುಕೊಳ್ಳುವುದು ಹೇಗೆಂದು ಅವನು ಊರಿನ ಹೆಣ್ಣುಮಕ್ಕಳಿಗೆಲ್ಲ ಕಲಿಸಿದ್ದ. ತನ್ನ ಮಗಳಿಗೂ ಕಲಿಸಿ ಕಳಿಸಿದ್ದ. ನಾಚಿಕೆ ಎಂಬುದು ಬೆನ್ನಿನಿಂದ ಹತ್ತಿ ಕಿವಿಗಳವರೆಗೆ ಸುಟ್ಟಿತು.

"ಮಾತು ಬೆಳಸಬ್ಯಾಡ್ರಿ, ಎತ್ತು ಬಿಸಿಲಾಗ ಅದಾವ," ಎಂದು ಬೀಗ ಗದರಿದ.

ವಿರುಪಣ್ಣ ಎದ್ದ. ಧೋತರಕ್ಕೆ ಹತ್ತಿದ ಮಣ್ಣು ಕೊಡವಿ ಅಳಿಯನ ಹತ್ತಿರ ಹೋದ. ಅಪ್ಪನೇ ಎಣ್ಣೆ ಹಚ್ಚಿ ತೋರಿಸುತ್ತಾನೆ ಎಂದುಕೊಂಡು ಎಲ್ಲರೂ ಕುತ್ತಿಗೆ ಚಾಚಿದರು. ಅವನು ಕಾಳಪ್ಪನ ಚಾಚಿದ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಅಂಗೈ ನೋಡಿದ, ಮಗುಚಿ ಹಿಂಗೈ ನೋಡಿದ, ಒಂದೊಂದೇ ಬೆರಳು ಅಮುಕಿದ.

"ನೋವೈತೇನಪಾ ಇಲ್ಲೆ?"

"ಇಲ್ಲ ಮಾವ," ಎಂದುಬಿಟ್ಟ ಕಾಳಪ್ಪ.

"ಇಲ್ಲೆ?"

"ಇಲ್ರಿ."

ವಿರುಪಣ್ಣ ಕೈ ಬಿಟ್ಟು ಕಟ್ಟೆಯ ಕಡೆ ತಿರುಗಿದ. "ಹಿರಿಯರ, ಈ ಕೈಗೆ ಏನೂ ಆಗಿಲ್ರಿ. ಎಣ್ಣಿ ಬ್ಯಾಡ." ಹೆಣ್ಣುದನಿಗೆ ಹೆಸರಾದವನ ಗಂಟಲಿನಿಂದ ಬಂದ ಆ ದಪ್ಪ ದನಿಯನ್ನು ಊರು ಕೇಳಿದ್ದು ಕಡಿಮೆ. "ಮಗಳನ್ನ ನಾ ಕಳಸೂದಿಲ್ಲ."

ಕಟ್ಟೆಯ ಮೇಲೆ ಒಮ್ಮೆಲೇ ಗದ್ದಲವೆದ್ದಿತು. ಬೀಗ ಎದ್ದು ನಿಂತು ಗಂಡಸುತನವಿಲ್ಲದವನ ಮನೆಯ ಹೆಣ್ಣು ತಂದು ಕೆಟ್ಟೆವೆಂದು ಕೂಗಾಡಿದ. ಅದಕ್ಕೂ ಒಂದಿಬ್ಬರು ತಲೆಯಾಡಿಸಿದರು. ಗವಿಸಿದ್ದಪ್ಪನ ಮುಖ ಕಪ್ಪಿಟ್ಟಿತ್ತು.

"ದೈವದ ಮಾತು ಮೀರೀದಿ ವಿರುಪಣ್ಣ. ಈ ಉಗಾದಿಗೆ ನಿನ್ನ ಪಾರ್ಟು ಇಲ್ಲ ಮತ್ತ. ಗದಗದಿಂದ ನಟಿ ತರಸ್ತೀವಿ."

ಆ ಮಾತು ನಾಟಿತು, ನಾಟಲಿಲ್ಲವೆಂದರೆ ಸುಳ್ಳಾದೀತು.

"ತರಸ್ರಿ," ಎಂದ ವಿರುಪಣ್ಣ. "ಏಳವ್ವ ಹೊಳಿಯಮ್ಮ, ಮನಿಗೆ ಹೋಗೂಣು," ಎಂದು, ನಿಂತೇ ಇದ್ದ ಮಗಳಿಗೆ ಹೇಳಿ ಮುಂದೆ ನಡೆದ. ಹೆಂಗಸರು ಸರಿದು ದಾರಿ ಬಿಟ್ಟರು. ದುರುಗವ್ವ ಗುಂಪಿನಿಂದ ಹೊರಬಂದು ಅವರ ಹಿಂದೆ ನಡೆದಳು. ಸ್ವಲ್ಪ ಹೊತ್ತಿಗೆ ಖಾಲಿ ಚಕ್ಕಡಿ ಊರ ಮುಂದಿನ ದಾರಿ ಹಿಡಿಯಿತು.

ಮನೆಗೆ ಬಂದ ಹೊಳಿಯಮ್ಮ ಎರಡು ರೊಟ್ಟಿ ತಿಂದು, ಪಡಸಾಲೆಯಲ್ಲಿ ಬರಿನೆಲದ ಮೇಲೆ ಒರಗಿದಳು. ಒರಗಿದವಳಿಗೆ ಅಲ್ಲೇ ನಿದ್ದೆ ಹತ್ತಿತು. ಬಾಯಿ ತೆರೆದು, ಕೈಕಾಲು ಚೆಲ್ಲಿ, ಎಷ್ಟೋ ದಿನಗಳ ನಿದ್ದೆಯನ್ನೆಲ್ಲ ಒಟ್ಟಿಗೇ ಮಾಡುವವಳಂತೆ ಗೊರಕೆ ಹೊಡೆಯತೊಡಗಿದಳು. ಹೊತ್ತು ಮುಳುಗಿತು. ಬಾಗಿಲಿಗೆ ಬಂದ ನೆರೆಮನೆಯ ಪಕ್ಕೀರವ್ವ ಗಾಬರಿಯಾದಳು.

"ಅಯ್ಯ, ದೀಪಾ ಹಚ್ಚೂ ಹೊತ್ತಿನ್ಯಾಗ ಹೆಣ್ಮಗಳು ಮಲಗ್ಯಾಳಲ್ಲ! ಲಕ್ಷ್ಮಿ ಹೊಳ್ಳಿ ಹೋಗ್ತಾಳ. ಎಬ್ಬಸ್ರಿ."

ಹೊಸ್ತಿಲ ಹೊರಗೆ ಕೂತಿದ್ದ ವಿರುಪಣ್ಣ ಪಕ್ಕಕ್ಕೆ ಸರಿದು ಜಾಗ ಮಾಡಿದ. "ಲಕ್ಷ್ಮಿ ಬಂದ್ರ ಒಂದಿಷ್ಟು ಹೊತ್ತು ಇಲ್ಲೆ ನನ್ನ ಕೂಡ ಕುಂದರ್ಲಿ ಬಿಡು ಪಕ್ಕೀರವ್ವ. ಮಗಳು ಮಲಗ್ಲಿ."

ಒಳಗೆ ದುರುಗವ್ವ ಚಿಮಣಿ ದೀಪ ಹಚ್ಚಿಕೊಂಡು ಬಂದಳು. ಮಲಗಿದವಳನ್ನು ದಾಟುವಾಗ ಬೆಳಕು ಕಣ್ಣಿಗೆ ಬೀಳದಿರಲೆಂದು ಕೈ ಅಡ್ಡ ಹಿಡಿದು, ಬೆಕ್ಕಿನಂತೆ ಹೆಜ್ಜೆಯಿಟ್ಟಳು.