ಸವೆಯದ ಜಾಲರಿ

ಮೂರು ತಿಂಗಳಿಂದ ಜಾಲರಿ ಸವೆದೇ ಇರಲಿಲ್ಲ. ಅವಳ ತಳಮಳವೆಲ್ಲ ಅದರದ್ದೇ. ಬೆಳಿಗ್ಗೆ ಚಹಾಕ್ಕೆ ಎರಡೆರಡು ಸಲ ಸಕ್ಕರೆ ಸುರಿದಳು. ಗಂಡ ಒಂದು ಗುಟುಕು ಕುಡಿದು, "ನಾನೇನೂ ಒಳ್ಳೆ ಕೆಲಸ ಮಾಡಿಲ್ವಲ್ಲೇ, ಇಷ್ಟೊಂದು ಸಿಹಿ ಯಾಕೆ?" ಅಂದ. ಅವಳಿಗೆ ನಗು ಬರಲಿಲ್ಲ.

ಅವಳ ಕೆಲಸ ಅಳತೆ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ದೊಡ್ಡ ಪೀಪಾಯಿಯೊಳಗೆ ಬಾಹ್ಯಾಕಾಶ ನೌಕೆಯ ಅಯಾನ್ ಎಂಜಿನ್ ಪರೀಕ್ಷೆಗೆಂದು ಎರಡು ವರ್ಷದಿಂದ ನೀಲಿಯಾಗಿ ಉರಿಯುತ್ತಿತ್ತು. ಅದರ ಬಾಯಿಗೆ ಸಾವಿರಾರು ತೂತುಗಳ ಜಾಲರಿ. ಹೊರಹೊಮ್ಮುವ ಅಯಾನುಗಳು, ಅಂದರೆ ವಿದ್ಯುತ್ ತುಂಬಿದ ಕಣಗಳು, ಆ ತೂತುಗಳ ಅಂಚನ್ನೇ ಕೆರೆದು ತಿನ್ನುತ್ತವೆ. ತೂತು ತೀರಾ ಅಗಲವಾದ ದಿನ ಎಂಜಿನ್ನಿನ ಕಥೆ ಮುಗಿಯಿತು. ಪ್ರತಿ ಸೋಮವಾರ ಪೀಪಾಯಿಯ ಗಾಜಿನ ಕಿಟಕಿಗೆ ಕ್ಯಾಮೆರಾ ಹಿಡಿದು ಅವಳು ತೂತುಗಳನ್ನು ಅಳೆಯಬೇಕು. ಈಚೆಗೆ ಅಳತೆ ಕೂದಲೆಳೆಯಷ್ಟೂ ಬದಲಾಗದ್ದಕ್ಕೆ ವಿಭಾಗವೆಲ್ಲ ಹಿರಿಹಿರಿ ಹಿಗ್ಗಿತ್ತು. ಸವೆಯಲೇಬೇಕಾದದ್ದು ಸವೆಯದಿದ್ದದ್ದು ಅವಳೊಬ್ಬಳಿಗೇ ಕಸಿವಿಸಿ. ಇವತ್ತು ಮೂರು ಗಂಟೆಗೆ, ಎಂಜಿನ್ನಿನ ಆಯುಸ್ಸು ಇಪ್ಪತ್ತು ಸಾವಿರ ಗಂಟೆ ಎಂಬ ಪತ್ರಕ್ಕೆ ಸಹಿ. ಆಮೇಲೆ ಇಂಥದೇ ಎಂಜಿನ್ ಹೊತ್ತ ನೌಕೆ ಹೊರಡುತ್ತದೆ. ಮೇಲೆ ಹೋದದ್ದಕ್ಕೆ ರಿಪೇರಿ ಎಂಬ ಮಾತೇ ಇಲ್ಲ.

ಹನ್ನೊಂದಕ್ಕೆ ಕೊನೆಯ ಅಳತೆಗೆ ಕೂತಳು. ಚಿತ್ರ ಮಬ್ಬಾಗಿತ್ತು. ಎಂದಿನಂತೆ, ಪೀಪಾಯಿಯೊಳಗೆ ಬೆಳಕು ಹಾಯಿಸುವ ದೀಪದ ಗುಂಡಿಯನ್ನು ಒಂದು ಗೆರೆ ಮುಂದೆ ತಿರುಗಿಸಿದಳು. ಕೈ ಅಲ್ಲೇ ನಿಂತಿತು. ವಾರವಾರವೂ ಹೀಗೇ ತಿರುಗಿಸಿದ್ದಾಳಲ್ಲ! ಗಾಜು ಯಾಕೆ ಕಪ್ಪಾಗುತ್ತಿದೆ ಅಂತ ಒಂದು ದಿನವಾದರೂ ಕೇಳಿಕೊಂಡಳೇ? ಅಯಾನುಗಳ ಹೊಡೆತ ತಡೆಯಲೆಂದು ಗೋಡೆಗೆ ಹೊದಿಸಿದ ಗ್ರಾಫೈಟ್ ಹಲಗೆಗಳು ತಾವೇ ಪುಡಿಯಾಗಿ ಗಾಜಿಗೆ ಮೆತ್ತುತ್ತಿದ್ದವು. ಗಾಜಿಗೆ ಮೆತ್ತಿದ ಮಸಿ ಜಾಲರಿಯನ್ನು ಬಿಟ್ಟೀತೇ? ಸವೆದ ತೂತನ್ನು ಅದೇ ತುಂಬುತ್ತಿತ್ತು. ಬಾಹ್ಯಾಕಾಶದಲ್ಲಿ ಗೋಡೆಯೂ ಇಲ್ಲ, ಮಸಿಯೂ ಇಲ್ಲ, ಬರೀ ಸವೆತ.

ದೀಪ ಹೆಚ್ಚಿಸಿದ್ದನ್ನು ಅವಳು ಎಲ್ಲೂ ಬರೆದಿಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು. ನಿಂತಲ್ಲಿ ನಿಲ್ಲಲಾರದೆ ಕಾರಿಡಾರಿನಲ್ಲಿ ಮೂರು ಸಲ ಅತ್ತಿಂದಿತ್ತ ತಿರುಗಿದಳು. ನಾಚಿಕೆ, ಭಯ ಎರಡೂ ಒಟ್ಟಿಗೇ ಕಾಡಿದವು. ಕೊನೆಗೆ ವಿಭಾಗದ ಮುಖ್ಯಸ್ಥರ ಬಾಗಿಲು ತಟ್ಟಿದಳು. ಹೇಳಿದ್ದನ್ನೇ ಎರಡು ಸಲ ವಿವರಿಸುವ ಅವರಿಗೆ ಎಲ್ಲರೂ ಇಟ್ಟ ಹೆಸರು ಮೇಷ್ಟ್ರು. ಒಂಬತ್ತು ವರ್ಷ ಈ ಎಂಜಿನ್ನಿಗೇ ಜೀವ ತೇದಿದ್ದರು. ತಿಂಗಳ ಕೊನೆಗೆ ನಿವೃತ್ತಿ.

ಎಲ್ಲ ಕೇಳಿ ಮೇಷ್ಟ್ರು, "ಎಷ್ಟು ಸಲ ಹೆಚ್ಚಿಸಿದೆ?" ಅಂದರು.

"ಹನ್ನೆರಡು ಸಲ, ಸರ್. ತಪ್ಪು ನಂದೇ."

"ಆ ಚಿತ್ರ ನಾನೂ ವಾರವಾರ ನೋಡ್ತಿದ್ದೆ ಕಣಮ್ಮಾ. ಒಳ್ಳೆ ಸುದ್ದಿ ಬಂದಾಗ ಯಾರು ತಕರಾರು ತೆಗೀತಾರೆ?" ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಹಾಗಾದ್ರೆ ನಿಜವಾಗ್ಲೂ ಎಷ್ಟು ಗಂಟೆ ಬಾಳುತ್ತೆ?"

"ಗೊತ್ತಿಲ್ಲ, ಸರ್."

ಆ ಕಟ್ಟಡದಲ್ಲಿ ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಮೇಷ್ಟ್ರು ಪತ್ರ ಎಳೆದುಕೊಂಡು ಇಪ್ಪತ್ತು ಸಾವಿರವನ್ನು ಹೊಡೆದುಹಾಕಿದರು. ಪಕ್ಕದಲ್ಲಿ "ಗೊತ್ತಿಲ್ಲ" ಎಂದು ದುಂಡಗೆ ಬರೆದು ಸಹಿ ಹಾಕಿದರು.

"ನೀನು ದೂರ ಇರು. ಮನೆಗೆ ಹೋಗೋನು ನಾನು, ನನಗೇನು ಮಾಡ್ತಾರೆ?"

ಪತ್ರದಲ್ಲಿ ಒಂದೇ ಸಹಿಗೆ ಜಾಗವಿತ್ತು. ಅವಳು ಅವರ ಕೈಯಿಂದ ಪೆನ್ನು ತೆಗೆದುಕೊಂಡು, ಅಂಚಿನಲ್ಲಿ ತನ್ನ ಹೆಸರನ್ನೂ ತುರುಕಿದಳು.