ಸಂಫೋರ್ ಮದ್ದಲೆಯ ಅನ್ನ

ಸರೂನನ ಅಪ್ಪ ಇದ್ದಷ್ಟು ದಿನ ಆ ಮನೆಯ ಮೊದಲ ತುತ್ತು ಮಕ್ಕಳಿಗೆ ಸಿಕ್ಕಿದ್ದೇ ಇಲ್ಲ. ಅದು ಸಂಫೋರ್ ಮದ್ದಲೆಯ ಪಾಲು. ಅಮ್ಮ ಮೆತ್ತಗಿನ ಅನ್ನವನ್ನು ಬಾಳೆಲೆಯಲ್ಲಿ ಎತ್ತಿಡುವಳು; ಅಪ್ಪ ಬೂದಿ ಬೆರೆಸಿ ನಾದಿ, ಮದ್ದಲೆಗೆ ಹಚ್ಚಿ ಶ್ರುತಿ ಮಾಡುವನು. ಮೇಳದ ವಾದ್ಯಗಳಿಗೆಲ್ಲ ಅದೇ ಗುರು. ದಾಟುವಂತಿಲ್ಲ, ಅದರತ್ತ ಕಾಲು ಚಾಚುವಂತಿಲ್ಲ. ಆ ಬಿಸಿ ಅನ್ನದ ವಾಸನೆ ನೆನೆದರೆ ಸಾಕು, ಹೊಳೆದಂಡೆಯ ಬೌದ್ಧ ವಿಹಾರ, ತೊಗಲುಗೊಂಬೆಯಾಟ, ಅಪ್ಪನ ಬೆವರಿದ ಬೆನ್ನು ಎಲ್ಲ ಒಟ್ಟಿಗೇ ಸರೂನನ ಕಣ್ಣೆದುರು ಬಂದು ನಿಲ್ಲುತ್ತಿತ್ತು.

ಸರ್ವಾಧಿಕಾರಿ ಪೋಲ್ ಪಾಟನ ಕೊಲೆ, ಹಸಿವಿನ ಕಾಲದಲ್ಲಿ ಅಪ್ಪ ಹೋದ, ಅಮ್ಮ ಹೋದಳು. ಮದ್ದಲೆ ಉಳಿಯಿತು. ಎಷ್ಟೋ ವರ್ಷದ ಮೇಲೆ ಊರವರು ಮತ್ತೆ ಮೇಳ ಕಟ್ಟಿದರು; ಇವತ್ತು ಗುರುವಾರ, ಗುರುಪೂಜೆ. ಅಪ್ಪನ ಕೈ ಬಲ್ಲವನು ಸರೂನ್ ಒಬ್ಬನೇ. ಅವನು ನುಡಿಸದಿದ್ದರೆ ಆ ವಿದ್ಯೆ ಅವನ ಜೊತೆಗೇ ಮಣ್ಣುಪಾಲು. ಆಸಾಮಿ ಮಾತ್ರ ಭುಜ ನೋವೆಂದು ನೆಪ ಹೂಡಿ ಮನೆಯ ಮೂಲೆ ಹಿಡಿದಿದ್ದ.

"ಭತ್ತದ ಮೂಟೆ ಹೊರೋವಾಗ ಇಲ್ಲದ ನೋವು ಮದ್ದಲೆ ಕಂಡ್ರೆ ಬರುತ್ತಾ?" ತಂಗಿ ಥಾವಿ ಬಾಗಿಲಿಗೆ ಅಡ್ಡ ಕೂತಳು. "ಪೂಜೆಗೆ ಹಂದಿ ತಲೆ ಬೆಂದಾಯ್ತು. ನೀನು ಬರದಿದ್ರೆ ಅದನ್ನೇ ಕೂರಿಸಿ ಬಾರಿಸು ಅನ್ಬೇಕು."

ಸರೂನನಿಗೆ ನಗು ಬರಲಿಲ್ಲ.

"ನಾನು ಗುರುವಿನ ಅನ್ನ ಕದ್ದು ತಿಂದವ್ನು ಕಣೆ," ಅಂದ. "ಅಪ್ಪ ಕೊನೇ ಸಲ ಹಚ್ಚಿದ್ದು ಹಾಗೇ ಒಣಗಿತ್ತು. ಮದ್ದಲೇನ ಕೊಟ್ಟಿಗೆ ಹುಲ್ಲಲ್ಲಿ ಬಚ್ಚಿಟ್ಟಿದ್ವಲ್ಲ, ಹಸಿವು ತಡೀಲಾರದೆ ಒಂದಿನ ನೆನೆಸಿ, ಕೆರೆದು ತಿಂದೆ. ನೀನು ಜ್ವರದಲ್ಲಿ ಪಕ್ಕದಲ್ಲೇ ಬಿದ್ದಿದ್ದೆ. ಒಂಬತ್ತು ವರ್ಷದ ಕೂಸು. ನಿಂಗೊಂದು ಚೂರೂ ಕೊಡ್ಲಿಲ್ಲ."

ಹದಿನೈದು ವರ್ಷ ಬಾಯಿ ಕಟ್ಟಿಕೊಂಡಿದ್ದವನು ಅಷ್ಟು ಹೇಳಿ ನೆಲ ನೋಡುತ್ತ ಕೂತ.

"ಮದ್ದಲೆಯ ಯಾವ ಮುಖದ್ದು ತಿಂದೆ?" ಥಾವಿ ಕೇಳಿದಳು.

"ದೊಡ್ಡದರದ್ದು. ಚಿಕ್ಕದರಲ್ಲಿ ಏನೂ ಇರ್ಲಿಲ್ಲ."

"ಅಪ್ಪ ಎರಡಕ್ಕೂ ಹಚ್ತಿದ್ದ ಅಲ್ವಾ?"

ಸರೂನ್ ತಲೆ ಎತ್ತಿದ.

"ಜ್ವರ ಬರೋ ಹಿಂದಿನ ದಿನ ನಾನು ತಿಂದೆ ಕಣೋ. ದೊಡ್ಡದು ಅಣ್ಣನಿಗಿರ್ಲಿ ಅಂತ ಬಿಟ್ಟಿದ್ದೆ."

ಸರೂನ್ ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಥಾವಿ ಸಮಾಧಾನ ಮಾಡಲು ಹೋಗಲಿಲ್ಲ, ಬಾಗಿಲು ಬಿಟ್ಟು ಎದ್ದಳು. ಮದ್ದಲೆಯನ್ನು ಅವನೇ ಹೊತ್ತುಕೊಂಡ.