ಬಿದ್ದಪ್ಪನವರ ಮನೆಯ ಕೋವಿ

ನಾನು ಒಂದು ಕೋವಿ. ಒಂದೇ ನಳಿಗೆ, ಮರದ ಹಿಡಿ. ನನ್ನನ್ನು ಕೊರೆದು ಉಜ್ಜಿದವರ ಮುಖ ನೆನಪಿಲ್ಲ. ನೆನಪಿರುವುದು ಕೊಡಗಿನ ಒಂದು ಮನೆಯ ಗೋಡೆ. ಬಿದ್ದಪ್ಪನವರ ತಂದೆ ನನ್ನನ್ನು ಕೊಂಡು ತಂದು ಅಲ್ಲಿ ತೂಗುಹಾಕಿದರು.

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಎರಡು. ಬಿದ್ದಪ್ಪ ಹುಟ್ಟಿದಾಗ ಒಮ್ಮೆ ಸಿಡಿದೆ. ಅವರ ತಂದೆ ಸತ್ತಾಗ ಎರಡು ಸಲ. ಆಯುಧಗಳನ್ನು ಪೂಜಿಸುವ ಕೈಲ್‌ಪೋದ್ ಹಬ್ಬದಲ್ಲಿ ನನಗೆ ಹೂ ಸಿಕ್ಕಿಸುತ್ತಿದ್ದರು. ಉಳಿದ ದಿನ ಗೋಡೆಯಲ್ಲಿದ್ದೆ.

ಬಿದ್ದಪ್ಪ ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ನನ್ನ ಕೆಳಗೆ ಬೇರೆ ಕೋವಿಗಳು ಬಂದು ಒರಗತೊಡಗಿದವು. ಬೇಡವಾದವರಿಂದ ಕೊಂಡು, ಎಣ್ಣೆ ಹಾಕಿ ಒರೆಸಿ, ಬೇಕಾದವರಿಗೆ ಮಾರುತ್ತಿದ್ದರು. ಹೆಂಡತಿ ಪೂವಮ್ಮ ಹಾಸಿಗೆ ಹಿಡಿದಿದ್ದರು. ಉಳಿದ ಲಾಭ ಅವರ ಔಷಧಿಗೆ ಹೋಗುತ್ತಿತ್ತು.

"ಹೀಗೆ ಮಾರಬಹುದಾ?" ಎಂದು ಪೂವಮ್ಮ ಕೇಳಿದರು.

"ಕೊಡವರಿಗೆ ಕೋವಿಗೆ ಲೈಸೆನ್ಸೇ ಬೇಡವಲ್ಲ."

"ಗೋಡೆಯದನ್ನು ಮಾತ್ರ ಮಾರಬೇಡಿ. ನಾನು ಹೋದಾಗ ಎರಡು ಗುಂಡು ಅದರಿಂದಲೇ ಆಗಬೇಕು."

"ನಾನೇ ಮೊದಲು ಹೋದರೆ?"

"ಆಗ ನಾನೇ ಹೊಡೀತೀನಿ. ಎದ್ದು ಕೂರೋಕೆ ಅದೊಂದು ನೆಪ ಆಗ್ಲಿ."

ಒಂದು ಮಧ್ಯಾಹ್ನ ಪೊಲೀಸ್ ಜೀಪು ಬಂತು.

"ಸುಬೇದಾರ್ ಸಾಹೇಬ್ರೇ, ಲೈಸೆನ್ಸ್ ತೋರಿಸಿ," ಎಂದರು ಸಬ್ ಇನ್‌ಸ್ಪೆಕ್ಟರ್.

"ನಮಗೆ ವಿನಾಯಿತಿ ಇದೆ."

"ಇಟ್ಟುಕೊಳ್ಳೋಕೆ ಇದೆ. ನಿಮ್ಮ ಸ್ವಂತದ್ದೊಂದನ್ನ ನಮಗೆ ತಿಳಿಸಿ, ಹಕ್ಕಿರೋರಿಗೆ ಮಾರಿದ್ದರೆ ನಾನು ಬರ್ತಾನೇ ಇರಲಿಲ್ಲ. ನೀವು ಮಾರೋಕೆ ಅಂತಲೇ ಕೊಂಡ್ಕೊತಾ ಇದ್ದೀರಿ. ಅದು ವ್ಯಾಪಾರ. ಅದಕ್ಕೆ ಡೀಲರ್ ಲೈಸೆನ್ಸ್ ಬೇಕು."

"ನನಗೆ ಅಂಗಡಿಯೇ ಇಲ್ಲವಲ್ಲ."

"ಬೋರ್ಡ್ ಬೇಕಾಗೋದು ಅಂಗಡಿಗೆ, ಸಾಹೇಬ್ರೇ. ವ್ಯಾಪಾರಕ್ಕಲ್ಲ."

ಬಿದ್ದಪ್ಪ ನನ್ನ ಕಡೆ ಕೈ ತೋರಿಸಿದರು. "ಅದು ಮಾರೋಕಲ್ಲ. ಮನೆಯದು. ಅದನ್ನು ಬಿಡಿ."

"ಕೋರ್ಟ್ ಹೇಳಿದ ಮೇಲೆ ಕೊಡ್ತೀವಿ."

ನನ್ನನ್ನು ಇಳಿಸಿದ ಜಾಗದಲ್ಲಿ ಗೋಡೆ ಬೆಳ್ಳಗಿತ್ತು. ಪೂವಮ್ಮ ಮಲಗಿದಲ್ಲಿಂದಲೇ ಅದನ್ನು ನೋಡುತ್ತಿದ್ದರು.

ಈಗ ನಾನು ಠಾಣೆಯ ಹಿಂದಿನ ಕೋಣೆಯಲ್ಲಿದ್ದೇನೆ. ಗುಂಡು ಹಾರಿಸಲು ಎಳೆಯುವ ನನ್ನ ಕುದುರೆಗೆ ಒಂದು ಚೀಟಿ ಕಟ್ಟಿದ್ದಾರೆ. ನಳಿಗೆಯೊಳಗೆ ತುಕ್ಕು ಹಿಡಿಯುತ್ತಿದೆ. ನೋವಿಲ್ಲ. ಬಿದ್ದಪ್ಪ ಜಾಮೀನಿನ ಷರತ್ತಿನಂತೆ ವಾರಕ್ಕೊಮ್ಮೆ ಸಹಿ ಹಾಕಲು ಬರುತ್ತಿದ್ದರು. ಬಂದಾಗಲೆಲ್ಲ, "ನಮ್ಮ ಮನೆಯ ಕೋವಿ ಯಾವಾಗ ಸಿಗುತ್ತೆ?" ಎಂದು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ದೂರದಲ್ಲಿ ಎರಡು ಗುಂಡಿನ ಸದ್ದು ಕೇಳಿಸಿತು.

"ಸುಬೇದಾರ್ ಮನೇಲಂತೆ," ಎಂದ ಒಬ್ಬ ಪೇದೆ. "ಪಕ್ಕದ ಮನೆಯವರ ಕೋವಿ ತಂದರಂತೆ."

ಸತ್ತವರಿಗೆ ಅದು ಯಾರ ಕೋವಿಯೆಂದು ತಿಳಿಯುವುದಿಲ್ಲವೇನೋ. ನನಗೆ ತಿಳಿಯಿತು.

ಮುಂದಿನ ವಾರ ಬಿದ್ದಪ್ಪ ಬಂದರು. ಸಹಿ ಹಾಕಿದರು. ಏನೂ ಕೇಳದೆ ಹೋದರು.